ಹೊಸ ಸೆಟ್ ಬರುವ ಮೊದಲು, ಬಂದ ರಾತ್ರಿ, ಆಮೇಲಿನ ಎರಡು ವಾರ: ಹಾರ್ತ್‌ಸ್ಟೋನ್ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಬದಿಯಡ್ಕದ ಹತ್ತಿರ ನಮ್ಮ ಮನೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ನಾವು ನಾಲ್ಕು ಜನ ಕೂತು ಹಾರ್ತ್‌ಸ್ಟೋನ್ ಎಂಬ ಕಾರ್ಡಿನ ಆಟವನ್ನು ಫೋನಿನಲ್ಲಿ ಆಡುತ್ತೇವೆ. ನಾನು, ತಂಗಿ, ಪೆರ್ಲದಿಂದ ಬೈಕಿನಲ್ಲಿ ಬರುವ ಭಾವ, ನೆರೆಮನೆಯ ಪ್ಲಸ್ ಟು ಹುಡುಗ. ಭಾವನಿಗೆ ಬರಲಾಗದ ದಿನ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲೇ ಚರ್ಚೆ. ಹೊಸ ಸೆಟ್, ಅಂದರೆ ಹೊಸ ಕಾರ್ಡುಗಳ ಕಂತು, ಬರುವ ತಿಂಗಳಲ್ಲಂತೂ ನಮಗೆ ಬೇರೆ ಮಾತೇ ಇಲ್ಲ.

ಈ ಬರಹ ಆಟ ಸ್ವಲ್ಪ ಗೊತ್ತಿದ್ದು, ದುಡ್ಡು ಹಾಕದೆ ಅಥವಾ ತೀರಾ ಕಡಿಮೆ ಹಾಕಿ ಆಡುವವರಿಗೆ. ತೀರಾ ಹೊಸಬರಿಗೆ ಇಷ್ಟು ಸಾಕು: ಒಂದು ಡೆಕ್ಕಿನಲ್ಲಿ 30 ಕಾರ್ಡು. ಒಂದೇ ಕಾರ್ಡು ಎರಡರ ಮೇಲೆ ಹಾಕುವಂತಿಲ್ಲ, ಲೆಜೆಂಡರಿ (ಅತಿ ಅಪರೂಪದ ಕಾರ್ಡು) ಆದರೆ ಒಂದೇ. ಇಬ್ಬರ ಹೀರೋಗಳಿಗೂ 30 ಜೀವ. ಕಾರ್ಡು ಇಳಿಸಲು ಮನಾ ಕೊಡಬೇಕು. ಮೊದಲ ಸರದಿಯಲ್ಲಿ 1 ಮನಾ ಸಿಗುತ್ತದೆ, ಸರದಿಗೊಂದರಂತೆ ಏರಿ 10ಕ್ಕೆ ನಿಲ್ಲುತ್ತದೆ. ಎದುರಿನವರ ಜೀವ ಸೊನ್ನೆ ಮಾಡಿದವರು ಗೆದ್ದರು.

ಆಟದೊಳಗೆ ಕನ್ನಡ ಇಲ್ಲ. ಕಾರ್ಡಿನ ಮೇಲಿನ ಅಕ್ಷರ ಎಲ್ಲ ಇಂಗ್ಲಿಷ್. ಹಾಗಾಗಿ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಯಾವ ಕಾರ್ಡಿಗೂ ಡಸ್ಟ್ (ಬೇಕಾದ ಕಾರ್ಡು ಮಾಡಿಕೊಳ್ಳಲು ಆಟದೊಳಗೆ ಸಿಗುವ ಪುಡಿ) ಖರ್ಚು ಮಾಡುವ ಮೊದಲು ಅದರ ಅರ್ಥವನ್ನು ನಮ್ಮ ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು, ಉಳಿದವರು ಅದನ್ನು ಪ್ರಶ್ನೆ ಮಾಡಬೇಕು. ಈ ಒಂದು ಅಭ್ಯಾಸದಿಂದ ನಮಗೆ ಉಳಿದ ಡಸ್ಟ್ ಎಷ್ಟೋ. ಕೆಳಗಿನ ಹೆಜ್ಜೆಗಳೆಲ್ಲ ಅದರ ಸುತ್ತವೇ ಇವೆ.

ಹೆಜ್ಜೆ 1: ನಾಲ್ಕು ತಿಂಗಳ ಲೆಕ್ಕ ಹಾಕಿ ಚಿನ್ನ ಕೂಡಿಡಿ

ವರ್ಷಕ್ಕೆ ಮೂರು ದೊಡ್ಡ ಸೆಟ್ ಬರುತ್ತವೆ. ಒಂದು ಬಿಸುವಿನ ಆಚೀಚೆ, ಒಂದು ಆಟಿ ತಿಂಗಳ ಮಳೆಯ ಹೊತ್ತಿಗೆ, ಮತ್ತೊಂದು ವರ್ಷದ ಕೊನೆಗೆ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಸಮಯಕ್ಕೆ. ನಡುವೆ ಸುಮಾರು ನಾಲ್ಕು ತಿಂಗಳು ಸಿಗುತ್ತದೆ.

ಹೊಸ ಕಾರ್ಡು ಬರುವುದು ಪ್ಯಾಕಿನಲ್ಲಿ, ಒಂದು ಪ್ಯಾಕಿಗೆ ಆಟದೊಳಗಿನ 100 ಚಿನ್ನ. ದಿನದ ಕ್ವೆಸ್ಟ್ (ಆಟ ಕೊಡುವ ಸಣ್ಣ ಕೆಲಸ), ವಾರದ ಕ್ವೆಸ್ಟ್ ಮುಗಿಸಿದರೆ ಅನುಭವದ ಅಂಕ ಬರುತ್ತದೆ, ಅದರಿಂದ ಮಟ್ಟ ಏರುತ್ತದೆ, ಮಟ್ಟ ಏರಿದ ಹಾಗೆ ಚಿನ್ನ ಸಿಗುತ್ತದೆ. ದಿನದ ಕ್ವೆಸ್ಟ್ ಮೂರು ತುಂಬಿದ್ದರೆ ನಾಲ್ಕನೆಯದು ಬರುವುದಿಲ್ಲ. ಪರೀಕ್ಷೆಯೋ ಮದುವೆಯೋ ಇದ್ದು ದಿನಾ ಆಡಲಾಗದಿದ್ದರೆ ತೊಂದರೆ ಇಲ್ಲ, ಮೂರು ದಿನಕ್ಕೊಮ್ಮೆ ಕೂತು ಮೂರನ್ನೂ ಮುಗಿಸಿ. ನಿಮಗೆ ಆಗದ ಕ್ವೆಸ್ಟ್ ಬಂದರೆ ಬದಲಾಯಿಸುವ ಅವಕಾಶ ಇದೆ, ಅದನ್ನು ಬಿಡಬೇಡಿ. ವಾರದ ಕ್ವೆಸ್ಟಿನಲ್ಲಿ ಅಂಕ ಜಾಸ್ತಿ. ಅದನ್ನು ಮಾತ್ರ ತಪ್ಪಿಸಬೇಡಿ.

ಎಷ್ಟು ಕೂಡಿಡಬೇಕು? ಕಡಿಮೆಯೆಂದರೆ 1000. ಹೊಸ ಸೆಟ್ಟಿನ ಮೊದಲ 10 ಪ್ಯಾಕಿನೊಳಗೆ ಒಂದು ಲೆಜೆಂಡರಿ ಖಂಡಿತ ಬರುತ್ತದೆ, ಅದು ಆಟದ ನಿಯಮ. ಆಮೇಲೆ 40 ಪ್ಯಾಕಿಗೊಂದು ಗ್ಯಾರಂಟಿ. ಸರಾಸರಿ ನೋಡಿದರೆ ಸುಮಾರು 20 ಪ್ಯಾಕಿಗೊಂದು ಲೆಜೆಂಡರಿ, 5 ಪ್ಯಾಕಿಗೊಂದು ಎಪಿಕ್ (ಲೆಜೆಂಡರಿಗಿಂತ ಒಂದು ಮೆಟ್ಟಿಲು ಕೆಳಗಿನದು). ಅಂದರೆ ಮೊದಲ 10 ಪ್ಯಾಕಿನಷ್ಟು ಲಾಭದ ಚಿನ್ನ ಬೇರೆ ಇಲ್ಲ. ಪ್ರತಿ ಸೆಟ್ಟಿಗೂ ಇದನ್ನು ತೆಗೆದಿಡಿ.

ಮೂರರಲ್ಲಿ ಯಾವ ಸೆಟ್ಟಿಗೆ ಜಾಸ್ತಿ ಸುರಿಯಬೇಕು? ನನ್ನ ಮಟ್ಟಿಗೆ ವರ್ಷದ ಮೊದಲ ಸೆಟ್ಟಿಗೆ. ಕಾರಣ ಸರಳ. 2016ರಲ್ಲಿ ಸ್ಟ್ಯಾಂಡರ್ಡ್ ಎಂಬ ಆಟದ ಬಗೆ ಬಂತು. ಅಲ್ಲಿ ಕೋರ್ ಎಂಬ ಮೂಲ ಸೆಟ್ ಬಿಟ್ಟರೆ ಈ ವರ್ಷದ ಮತ್ತು ಹಿಂದಿನ ವರ್ಷದ ಸೆಟ್ಟುಗಳಿಗೆ ಮಾತ್ರ ಜಾಗ. ಒಂದು ವರ್ಷದ ಮೂರೂ ಸೆಟ್ ಒಟ್ಟಿಗೇ ಹೊರಗೆ ಹೋಗುತ್ತವೆ. ಹಾಗಾಗಿ ಬಿಸುವಿಗೆ ಬಂದ ಕಾರ್ಡು ಸುಮಾರು ಎರಡು ವರ್ಷ ನಡೆಯುತ್ತದೆ. ವರ್ಷದ ಕೊನೆಗೆ ಬಂದದ್ದು ಸುಮಾರು ಒಂದು ವರ್ಷ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಖರ್ಚು ಒಂದೇ, ಬಾಳಿಕೆ ಬೇರೆ. ಹೊರಗೆ ಹೋದ ಕಾರ್ಡು ಮಾಯವಾಗುವುದಿಲ್ಲ, ವೈಲ್ಡ್ ಎಂಬ ಇನ್ನೊಂದು ಬಗೆಯಲ್ಲಿ ಆಡಬಹುದು.

ಹೆಜ್ಜೆ 2: ಫೋನು, ಸರ್ವರು

ಇದು ಸಣ್ಣ ವಿಷಯ, ಆದರೆ ಕೊನೆ ಗಳಿಗೆಯಲ್ಲಿ ಕೈಕೊಡುವುದು ಇದೇ. ಆಟ ಫೋನಿನಲ್ಲಿ ಹಲವು ಜಿಬಿ ಜಾಗ ತಿನ್ನುತ್ತದೆ. ಸೆಟ್ ತೆರೆಯುವ ಕೆಲವು ದಿನ ಮೊದಲೇ ಅಪ್‌ಡೇಟ್ ಬಂದಿರುತ್ತದೆ, ಬಂದ ದಿನವೇ ಇಳಿಸಿಕೊಳ್ಳಿ. ಒಂದು ಆಟಿಯಲ್ಲಿ ನಾನು ಕೊನೆ ದಿನಕ್ಕೆ ಇಟ್ಟುಕೊಂಡಿದ್ದೆ. ಸಂಜೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ವೈಫೈಯೂ ಹೋಯಿತು, ಮಾರನೇ ದಿನ ಮಧ್ಯಾಹ್ನದವರೆಗೆ ಅರ್ಧ ಇಳಿದ ಫೈಲ್ ಹಾಗೇ ಕೂತಿತ್ತು.

ಇನ್ನೊಂದು ಮಾತು. ಏಷ್ಯಾ, ಯುರೋಪ್, ಅಮೆರಿಕ ಎಂದು ಸರ್ವರ್ ಬೇರೆ ಬೇರೆ. ಒಂದರಲ್ಲಿ ಕೂಡಿಸಿದ ಕಾರ್ಡು ಇನ್ನೊಂದರಲ್ಲಿ ಇರುವುದಿಲ್ಲ. ಗೆಳೆಯರೆಲ್ಲ ಶುರುವಿನಲ್ಲೇ ಮಾತಾಡಿ ಒಂದೇ ಕಡೆ ಸೇರಿಕೊಳ್ಳಿ. ಇಲ್ಲವಾದರೆ ಪಕ್ಕದಲ್ಲಿ ಕೂತವನ ಜೊತೆಗೂ ಆಡಲು ಆಗುವುದಿಲ್ಲ.

ಹೆಜ್ಜೆ 3: ಕಾರ್ಡನ್ನು ಕನ್ನಡದಲ್ಲಿ ಹೇಳಿ

ಸೆಟ್ ಬರುವ ಕೆಲವು ವಾರ ಮೊದಲು ಹೊಸ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಆಗಲೇ ನಮ್ಮ ಕೆಲಸ ಶುರು. ಚಿತ್ರ ನೋಡಿ ಬೆರಗಾಗುವುದು ಒಂದು ಖುಷಿ, ಅದು ಇರಲಿ. ಆಮೇಲೆ ಕಾರ್ಡಿನ ಸಾಲನ್ನು ಕನ್ನಡ ಮಾಡಿ.

ನಮ್ಮ ತಂಗಿಗೆ ಒಂದು ದೊಡ್ಡ ಗೊಂದಲ ಇತ್ತು. ಕೆಲವು ಕಾರ್ಡಿನಲ್ಲಿ 'ವೆನೆವರ್' ಎಂದು ಇರುತ್ತದೆ, ಕೆಲವದರಲ್ಲಿ 'ಆಫ್ಟರ್' ಎಂದು. ಎರಡೂ ಒಂದೇ ಅಲ್ವಾ ಎಂದು ಅವಳ ವಾದ. ಕನ್ನಡದಲ್ಲಿ ಹೇಳು ಎಂದೆ. 'ಸ್ಪೆಲ್ (ಹಾಕಿದ ಕೂಡಲೇ ಕೆಲಸ ಮಾಡಿ ಮುಗಿಯುವ ಕಾರ್ಡು) ಹಾಕುವಾಗ' ಮತ್ತು 'ಸ್ಪೆಲ್ ಹಾಕಿದ ಮೇಲೆ'. ಹೇಳಿದ ಕೂಡಲೇ ಅವಳಿಗೇ ಹೊಳೆಯಿತು.

ಹಳೆಯ ಎರಡು ಕಾರ್ಡು ಇಟ್ಟುಕೊಂಡು ನೋಡೋಣ. ವಯೊಲೆಟ್ ಟೀಚರ್ ಎಂಬ ಮಿನಿಯನ್, ಅಂದರೆ ಬೋರ್ಡಿನಲ್ಲಿ ನಿಂತು ಹೊಡೆದಾಡುವ ಕಾರ್ಡು, ಇದೆ. ನೀವು ಸ್ಪೆಲ್ ಹಾಕುವಾಗಲೆಲ್ಲ ಅವಳು ಒಬ್ಬ 1/1 (ಹೊಡೆತ 1, ಜೀವ 1) ಶಿಷ್ಯನನ್ನು ಕರೆಯುತ್ತಾಳೆ. ಡ್ರೂಯಿಡ್ ಕ್ಲಾಸಿನ (ಕ್ಲಾಸ್ ಎಂದರೆ ಹೀರೋನ ಬಗೆ, ಒಂದೊಂದಕ್ಕೂ ಅದರದೇ ಕಾರ್ಡು) ಪವರ್ ಆಫ್ ದ ವೈಲ್ಡ್ ಎಂಬ ಸ್ಪೆಲ್ಲಿನಲ್ಲಿ ಎರಡು ಆಯ್ಕೆ, ಒಂದು ನಿಮ್ಮ ಎಲ್ಲ ಮಿನಿಯನ್‌ಗಳಿಗೂ +1/+1 ಕೊಡುವುದು. ಟೀಚರ್ ಬೋರ್ಡಿನಲ್ಲಿ ಇರುವಾಗ ಆ ಸ್ಪೆಲ್ ಹಾಕಿದರೆ ಮೊದಲು ಶಿಷ್ಯ ಬರುತ್ತಾನೆ, ಆಮೇಲೆ ಸ್ಪೆಲ್ ಕೆಲಸ ಮಾಡುತ್ತದೆ. ಹಾಗಾಗಿ ಈಗಷ್ಟೇ ಬಂದ ಶಿಷ್ಯನಿಗೂ +1/+1 ಸಿಕ್ಕಿ ಅವನು 2/2 ಆಗುತ್ತಾನೆ. 'ಹಾಕುವಾಗ' ಎನ್ನುವುದರ ಬೆಲೆ ಅದು. ಮೇಜ್ ಕ್ಲಾಸಿನ ಫ್ಲೇಮ್‌ವೇಕರ್ ಬೇರೆ. ಅವನು ಸ್ಪೆಲ್ ಹಾಕಿದ ಮೇಲೆ ಎದುರಾಳಿಗಳ ಮೇಲೆ 2 ಪೆಟ್ಟು ಹಂಚುತ್ತಾನೆ. ಅಷ್ಟರಲ್ಲಿ ನಿಮ್ಮ ಸ್ಪೆಲ್ಲೇ ಎದುರಿನವರ ಕೆಲವು ಮಿನಿಯನ್ ಕೊಂದಿರುತ್ತದೆ, ಉಳಿದವರ ಮೇಲೆ ಮಾತ್ರ ಪೆಟ್ಟು ಬೀಳುತ್ತದೆ. ಸ್ಪೆಲ್ಲೇ ಫ್ಲೇಮ್‌ವೇಕರನ್ನು ಕೊಂದರೆ ಪೆಟ್ಟೇ ಇಲ್ಲ.

'ಪ್ಲೇ' ಮತ್ತು 'ಸಮನ್' ಕೂಡ ಹಾಗೆಯೇ. ಪ್ಲೇ ಎಂದರೆ ಕೈಯಿಂದ ಮನಾ ಕೊಟ್ಟು ಇಳಿಸುವುದು. ಸಮನ್ ಎಂದರೆ ಹೇಗಾದರೂ ಸರಿ, ಬೋರ್ಡಿಗೆ ಬರುವುದು. ಬ್ಯಾಟಲ್‌ಕ್ರೈ ಎಂಬ ಗುಣ ಕೈಯಿಂದ ಇಳಿಸಿದಾಗ ಮಾತ್ರ ನಡೆಯುತ್ತದೆ. ಬೇರೆ ಕಾರ್ಡು ಅದೇ ಮಿನಿಯನ್ನನ್ನು ಡೆಕ್ಕಿನಿಂದ ಎಳೆದು ತಂದರೆ ಬ್ಯಾಟಲ್‌ಕ್ರೈ ಇಲ್ಲ. ಡೆತ್‌ರ‍್ಯಾಟಲ್ ಸಾಯುವಾಗ ನಡೆಯುವಂಥದ್ದು, ಹೇಗೆ ಬಂದರೂ ನಡೆಯುತ್ತದೆ. ಇದನ್ನು ನೋಡದೆ 'ಈ ಎರಡು ಕಾರ್ಡು ಸೇರಿಸಿದರೆ ಭಾರಿ ಕಾಂಬೋ' ಎಂದು ಕುಣಿದವರನ್ನು ಪ್ರತಿ ಸೆಟ್ಟಿನಲ್ಲೂ ನೋಡುತ್ತೇನೆ.

ಷರತ್ತು ಇರುವ ಕಾರ್ಡುಗಳಿಗೆ ಇನ್ನೂ ಜಾಸ್ತಿ ಗಮನ ಬೇಕು. 2015ರ ಕೊನೆಗೆ ಬಂದ ರೀನೋ ಜ್ಯಾಕ್ಸನ್ ನೆನಪಿಸಿಕೊಳ್ಳಿ. ಡೆಕ್ಕಿನಲ್ಲಿ ಯಾವ ಕಾರ್ಡೂ ಎರಡೆರಡು ಇಲ್ಲದಿದ್ದರೆ ಹೀರೋನ ಜೀವ ಪೂರ್ತಿ ತುಂಬುತ್ತಾನೆ. ಇಲ್ಲಿ ನೋಡುವುದು ಆ ಗಳಿಗೆಯಲ್ಲಿ ಡೆಕ್ಕಿನಲ್ಲಿ ಉಳಿದ ಕಾರ್ಡುಗಳನ್ನು. ಎರಡಿದ್ದ ಕಾರ್ಡಿನಲ್ಲಿ ಒಂದು ಈಗಾಗಲೇ ನಿಮ್ಮ ಕೈಗೆ ಬಂದಿದ್ದರೆ ಸಾಕು, ಷರತ್ತು ಪೂರೈಸಿತು. ಆದರೆ 2023ರ ಕೊನೆಗೆ ಬಂದ ಸೆಟ್ಟಿನಲ್ಲಿ ಇಂಥದ್ದೇ ಗುಣಕ್ಕೆ 'ಡೆಕ್ ಶುರುವಾಗುವಾಗಲೇ' ಎಂಬ ಮಾತು ಸೇರಿತು. ಒಂದೇ ಶಬ್ದ. 'ಈಗ ಇಲ್ಲದಿದ್ದರೆ' ಎನ್ನುವುದಕ್ಕೂ 'ಮೊದಲಿನಿಂದಲೂ ಇಲ್ಲದಿದ್ದರೆ' ಎನ್ನುವುದಕ್ಕೂ ಡೆಕ್ ಕಟ್ಟುವ ರೀತಿಯೇ ಬದಲಾಗುತ್ತದೆ. ಮೊದಲನೆಯದಕ್ಕೆ ನಾಲ್ಕೈದು ಮುಖ್ಯ ಕಾರ್ಡನ್ನು ಎರಡೆರಡು ಇಟ್ಟುಕೊಳ್ಳುವ ಧೈರ್ಯ ಮಾಡಬಹುದು. ಎರಡನೆಯದರಲ್ಲಿ ಒಂದಕ್ಕೂ ಅವಕಾಶ ಇಲ್ಲ.

ಹೆಜ್ಜೆ 4: ತೂಕ ಹಾಕಿ

ಅರ್ಥ ಆದ ಮೇಲೆ ಬೆಲೆ ಕಟ್ಟಬೇಕು. ಹಳೆಯ ಒಂದು ಅಳತೆ ಇದೆ. ಮಿನಿಯನ್ನಿನ ಹೊಡೆತ ಮತ್ತು ಜೀವ ಕೂಡಿಸಿ. ಮನಾವನ್ನು ಎರಡರಿಂದ ಗುಣಿಸಿ ಒಂದು ಸೇರಿಸಿ. ಎರಡೂ ಸಮ ಇದ್ದರೆ, ಬೇರೆ ಯಾವ ಗುಣ ಇಲ್ಲದಿದ್ದರೂ ಅದು ಸಾಧಾರಣ ಕಾರ್ಡು. ಚಿಲ್‌ವಿಂಡ್ ಯೆಟಿ 4 ಮನಾಕ್ಕೆ 4/5, ಕೂಡಿದರೆ 9. ಬೌಲ್ಡರ್‌ಫಿಸ್ಟ್ ಓಗರ್ 6 ಮನಾಕ್ಕೆ 6/7, ಅಂದರೆ 13. ಅಳತೆಗೆ ಸರಿಯಾಗಿ ಕೂರುತ್ತವೆ. ಈಗಿನ ಕಾರ್ಡುಗಳು ಇದಕ್ಕಿಂತ ಗಟ್ಟಿ, ಆದರೂ ಮೊದಲ ನೋಟಕ್ಕೆ ಈ ಅಳತೆ ಬೇಕು.

ಈ ಅಳತೆ ಎಲ್ಲಿ ಸೋಲುತ್ತದೆ ಎಂದು ತೋರಿಸಲು ನೆರೆಮನೆ ಹುಡುಗನಿಗೆ ಒಂದು ಪರೀಕ್ಷೆ ಕೊಟ್ಟಿದ್ದೆ. 2014ರ ಡಿಸೆಂಬರಿನಲ್ಲಿ ಮೊದಲ ದೊಡ್ಡ ಸೆಟ್ ಬಂದಿತ್ತು, ಗಾಬ್ಲಿನ್ಸ್ ವರ್ಸಸ್ ನೋಮ್ಸ್ ಎಂದು. ಅದರ ಎರಡು ಲೆಜೆಂಡರಿಗಳನ್ನು ಹೆಸರಿಲ್ಲದೆ ಕಾಗದದಲ್ಲಿ ಬರೆದುಕೊಟ್ಟೆ. ಒಂದು, 7 ಮನಾಕ್ಕೆ 6/6, ಎದುರಿನವರು ಸ್ಪೆಲ್ ಹಾಕುವಾಗಲೆಲ್ಲ ಒಬ್ಬ ಸಹಾಯಕ ಬರುತ್ತಾನೆ. ಇನ್ನೊಂದು, 7 ಮನಾಕ್ಕೆ 7/7, ಇಳಿಸಿದ ಕೂಡಲೇ ಎರಡು 1/1 ಬಾಂಬು ಬರುತ್ತವೆ. ಬಾಂಬು ಸತ್ತರೆ ಎದುರಾಳಿಗಳಲ್ಲಿ ಯಾರಾದರೊಬ್ಬರಿಗೆ 1ರಿಂದ 4ರವರೆಗೆ ಪೆಟ್ಟು.

ಹುಡುಗ ಮೊದಲನೆಯದನ್ನು ಆರಿಸಿದ. "ಅಣ್ಣ, ಇದು ಒಂದರ ಮೇಲೊಂದು ಸೈನ್ಯ ತರ್ತದಲ್ಲ. ಅದು ಬರೀ 7/7."

ಆ ಕಾಲದಲ್ಲಿ ಎಷ್ಟೋ ಅನುಭವಿ ಆಟಗಾರರೂ ಹೀಗೇ ಎಣಿಸಿದ್ದರು. ಮೊದಲನೆಯದು ಟ್ರಾಗ್‌ಜೋರ್. ಅದರ ಬಗ್ಗೆ ಮಾತು ಜಾಸ್ತಿ ಇತ್ತು, ಕೊನೆಗೆ ಡೆಕ್ಕುಗಳಲ್ಲಿ ಕಾಣಲಿಲ್ಲ. ಎರಡನೆಯದು ಡಾಕ್ಟರ್ ಬೂಮ್. ಸ್ಟ್ಯಾಂಡರ್ಡ್ ಬರುವವರೆಗೂ ಅವನಿಲ್ಲದ ಡೆಕ್ಕೇ ಅಪರೂಪ ಎನ್ನುವಂತಾಯಿತು.

ಯಾಕೆ ಎಂದು ಹುಡುಗನ ಜೊತೆ ಕೂತು ಬಿಡಿಸಿದೆವು. ಟ್ರಾಗ್‌ಜೋರಿನ ಗುಣ ನಡೆಯಬೇಕಾದರೆ ಎದುರಿನವರು ಸ್ಪೆಲ್ ಹಾಕಬೇಕು. ಕೀಲಿ ಅವರ ಕೈಯಲ್ಲಿದೆ, ಹಾಕದಿದ್ದರೆ ಆಯಿತು. ಬೂಮ್ ಇಳಿದ ಗಳಿಗೆಯಲ್ಲೇ ಕೆಲಸ ಮುಗಿದಿರುತ್ತದೆ. 7/7ನ್ನು ಒಂದೇ ಸ್ಪೆಲ್ಲಿನಲ್ಲಿ ಕೊಂದರೂ ಎರಡು ಬಾಂಬು ಉಳಿಯುತ್ತವೆ. ಅವು ಒಟ್ಟು 2ರಿಂದ 8ರವರೆಗೆ ಪೆಟ್ಟು ಕೊಟ್ಟೇ ಹೋಗುತ್ತವೆ. ಅಂಕಿ ಕೂಡಿಸಿದರೂ 7, 7, ಮೇಲೆ 1/1 ಎರಡು, ಒಟ್ಟು 18. ಅಳತೆಯ ಪ್ರಕಾರ 7 ಮನಾಕ್ಕೆ 15 ಸಾಕಿತ್ತು.

ಹಾಗಾಗಿ ನಾವು ಪ್ರತಿ ಹೊಸ ಕಾರ್ಡಿಗೂ ಮೂರು ಪ್ರಶ್ನೆ ಕೇಳುತ್ತೇವೆ. ಇಳಿಸಿದ ಸರದಿಯಲ್ಲೇ ಏನಾದರೂ ಕೊಡುತ್ತದಾ? ಅದರ ಗುಣ ನಡೆಯುವುದು ನನ್ನ ಕೈಯಲ್ಲಿದೆಯಾ, ಎದುರಿನವರ ಕೈಯಲ್ಲಿದೆಯಾ? ನಾನು ಸೋಲುತ್ತಿರುವಾಗಲೂ ಇದು ಉಪಯೋಗಕ್ಕೆ ಬರುತ್ತದಾ? ಮೂರನೆಯದನ್ನು ಜನ ಕೇಳುವುದೇ ಕಡಿಮೆ. ಗೆಲ್ಲುತ್ತಿರುವಾಗ ಯಾವ ಕಾರ್ಡೂ ಚಂದವೇ.

ಹೆಜ್ಜೆ 5: ಎದುರು ಬದುರು ಕೂತು ವಾದ ಮಾಡಿ

ಕುಂಬಳೆ ಸೀಮೆಯ ನಮಗೆ ತಾಳಮದ್ದಳೆ ಹೊಸದಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕೂತು ಅರ್ಥ ಹೇಳುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸುತ್ತಾರೆ. ಕೌರವನ ಪಾತ್ರ ಬಂದರೆ ಕೌರವನ ಪರವಾಗಿಯೇ ಪೂರ್ತಿ ಮನಸ್ಸಿಟ್ಟು ವಾದ ಮಾಡಬೇಕು. ನಮ್ಮ ಕಾರ್ಡ್ ಚರ್ಚೆಗೆ ನಾವು ಇದೇ ಕ್ರಮ ತಂದಿದ್ದೇವೆ.

ಆಟದಲ್ಲಿ 11 ಕ್ಲಾಸುಗಳು. ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ಎರಡು ಮೂರು ಬೀಳುತ್ತದೆ. ಆ ಕ್ಲಾಸಿನ ಹೊಸ ಕಾರ್ಡುಗಳನ್ನು ಅವರು ಓದಿಕೊಂಡು ಬಂದು ಅರ್ಥ ಹೇಳಬೇಕು. ಎದುರಿಗೆ ಒಬ್ಬರು ಬೇಕೆಂದೇ ಆ ಕಾರ್ಡಿನ ವಿರುದ್ಧ ಮಾತಾಡಬೇಕು, ಅದು ಅವರಿಗೆ ಇಷ್ಟವಾಗಿದ್ದರೂ ಸರಿ. ಎಲ್ಲರೂ 'ಸೂಪರ್' ಎಂದು ತಲೆ ಆಡಿಸಿದರೆ ಚರ್ಚೆಯಿಂದ ಏನೂ ಸಿಗುವುದಿಲ್ಲ. ಭಾವ ವಿರೋಧ ವಾದದಲ್ಲಿ ಗಟ್ಟಿಗ. "ಸರಿ ಮಾರಾಯ, 8 ಮನಾ ತನಕ ನೀನು ಬದುಕಿ ಇರ್ತಿಯಾ? ಅಲ್ಲಿವರೆಗೆ ಎಂತ ಮಾಡ್ತಿ, ಹೇಳು." ಈ ಒಂದು ಪ್ರಶ್ನೆಗೆ ಎಷ್ಟೋ ದೊಡ್ಡ ಕಾರ್ಡುಗಳು ನಮ್ಮ ಜಗಲಿಯಲ್ಲೇ ಬಿದ್ದಿವೆ.

ಮಾತು ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರೂ 1ರಿಂದ 5ರವರೆಗೆ ಅಂಕ ಬರೆಯಬೇಕು, ಪಕ್ಕದಲ್ಲಿ ಒಂದು ಸಾಲು ಕಾರಣ. ತಾರೀಕು ಹಾಕಲೇಬೇಕು. ಕಾರಣ ಇಲ್ಲದ ಅಂಕ ನಮ್ಮಲ್ಲಿ ಲೆಕ್ಕಕ್ಕಿಲ್ಲ. ಯಾಕೆಂದರೆ ಎರಡು ವಾರ ಕಳೆದ ಮೇಲೆ ಎಲ್ಲರಿಗೂ 'ನಾನು ಆಗಲೇ ಹೇಳಿದ್ದೆ' ಅನ್ನಿಸುತ್ತದೆ. ಬರೆದದ್ದು ಮಾತ್ರ ಬದಲಾಗುವುದಿಲ್ಲ.

ಹೆಜ್ಜೆ 6: ಪ್ಯಾಕ್ ಒಡೆಯುವ ರಾತ್ರಿ

ಸೆಟ್ ಸಾಮಾನ್ಯವಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆಗೆ ತೆರೆಯುತ್ತದೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ನಮಗದು ರಾತ್ರಿ 10:30, ಚಳಿಗಾಲದಲ್ಲಿ 11:30. ಶಾಲೆ ಕಾಲೇಜಿಗೆ ಹೋಗುವವರು ನಿದ್ದೆಗೆಡಬೇಕಾಗಿಲ್ಲ. ಬೆಳಿಗ್ಗೆ ಒಡೆದರೂ ಪ್ಯಾಕಿನಲ್ಲಿ ಬರುವುದು ಅದೇ.

ಮೊದಲು ಲಾಗಿನ್ ಮಾಡಿ ಉಚಿತವಾಗಿ ಏನು ಕೊಟ್ಟಿದ್ದಾರೆ ನೋಡಿ ತೆಗೆದುಕೊಳ್ಳಿ. ಆಮೇಲೆ ಒಂದೊಂದೇ ಪ್ಯಾಕ್ ಒಡೆಯಿರಿ. ಒಂದು ಪ್ಯಾಕಿನಲ್ಲಿ 5 ಕಾರ್ಡು, ಅದರಲ್ಲಿ ಒಂದಾದರೂ ರೇರ್ ಅಥವಾ ಅದಕ್ಕಿಂತ ಮೇಲಿನದು ಇರುತ್ತದೆ. ಮೊದಲ ಲೆಜೆಂಡರಿ ಸಿಕ್ಕಿದ ಕೂಡಲೇ ಸ್ವಲ್ಪ ನಿಲ್ಲಿ. ಉಳಿದ ಚಿನ್ನ ಸುರಿಯುವುದೋ ಬಿಡುವುದೋ ಎಂದು ಆಗ ಯೋಚಿಸಿ. ನಾನು 20 ಪ್ಯಾಕಿಗೆ ನಿಲ್ಲಿಸುತ್ತೇನೆ.

ದುಡ್ಡಿನ ಬಗ್ಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಪ್ಯಾಕಿನೊಳಗೆ ಏನಿದೆ ಎಂದು ಗೊತ್ತಿಲ್ಲದೆ ಕೊಳ್ಳುವುದು ಮನಸ್ಸನ್ನು ಎಳೆಯುವ ವ್ಯವಹಾರ. 'ಇನ್ನೊಂದು, ಇನ್ನೊಂದೇ' ಎಂದು ಕೈ ಹೋಗುತ್ತದೆ. ಸೆಟ್ ಬಂದ ಮೊದಲ ವಾರ ಕಿಸೆಯ ದುಡ್ಡು ಹಾಕಬೇಡಿ. ಮಕ್ಕಳು ಆಡುವ ಫೋನಿನಲ್ಲಿ ಪಾವತಿಗೆ ಪಾಸ್‌ವರ್ಡ್ ಇಡಿ. ನೆರೆಮನೆ ಹುಡುಗನ ಅಮ್ಮನಿಗೆ ಇದನ್ನು ನಾನೇ ಹೋಗಿ ಮಾಡಿಕೊಟ್ಟಿದ್ದೇನೆ.

ಹೆಜ್ಜೆ 7: ಡಸ್ಟ್ ಎರಡು ವಾರ ಮುಟ್ಟಬೇಡಿ

ಬೇಡದ ಕಾರ್ಡು ಒಡೆದರೆ ಡಸ್ಟ್ ಸಿಗುತ್ತದೆ, ಡಸ್ಟಿನಿಂದ ಬೇಕಾದ ಕಾರ್ಡು ಮಾಡಬಹುದು. ಬೆಲೆ ನೆನಪಿಡಿ. ಕಾಮನ್ ಮಾಡಲು 40, ಒಡೆದರೆ 5. ರೇರ್ ಮಾಡಲು 100, ಒಡೆದರೆ 20. ಎಪಿಕ್ 400, ಒಡೆದರೆ 100. ಲೆಜೆಂಡರಿ 1600, ಒಡೆದರೆ 400. ಅಂದರೆ ಒಂದು ಲೆಜೆಂಡರಿ ಮಾಡಲು ನಾಲ್ಕು ಲೆಜೆಂಡರಿ ಬಲಿಕೊಡಬೇಕು. ಕಾಮನ್ ಆದರೆ ಒಂದಕ್ಕೆ ಎಂಟು.

ನಮ್ಮ ಕಡೆ ಅಡಿಕೆ ಸುಲಿದ ಮೇಲೆ ಎಲ್ಲವನ್ನೂ ಒಂದೇ ಗೋಣಿಗೆ ತುಂಬುವುದಿಲ್ಲ. ಒಳ್ಳೆ ಚಾಲಿ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ. ಒಳ್ಳೆಯದರಲ್ಲೂ ಒಂದಿಷ್ಟು ಅಟ್ಟದಲ್ಲಿ ಇಟ್ಟು, ರೇಟು ನೋಡಿ ಕೊಡುತ್ತಾರೆ. ಕಾರ್ಡನ್ನೂ ಹಾಗೆಯೇ ನೋಡಿ. ಎರಡಕ್ಕಿಂತ ಜಾಸ್ತಿ ಬಂದ ಕಾರ್ಡು ಒಡೆಯಬಹುದು. ಉಳಿದ ಯಾವುದನ್ನೂ ಮೊದಲ ಎರಡು ವಾರ ಒಡೆಯಬೇಡಿ, ಎಷ್ಟೇ ಕೆಲಸಕ್ಕೆ ಬಾರದ ಹಾಗೆ ಕಂಡರೂ ಸರಿ.

2017ರ ಡಿಸೆಂಬರಿನ ಸೆಟ್ಟಿನಲ್ಲಿ ಕಾರಿಡಾರ್ ಕ್ರೀಪರ್ ಎಂಬ ಎಪಿಕ್ ಇತ್ತು. 7 ಮನಾ, 5/5, ಕೈಯಲ್ಲಿ ಇರುವಾಗ ಮಿನಿಯನ್‌ಗಳು ಸತ್ತ ಹಾಗೆ ಅದರ ಮನಾ ಇಳಿಯುತ್ತದೆ. ಮೊದಲು ಅದನ್ನು ಕೇಳಿದವರೇ ಇಲ್ಲ. ಸ್ವಲ್ಪ ದಿನದಲ್ಲೇ ಎಲ್ಲಿ ನೋಡಿದರೂ ಅದೇ, ಸೊನ್ನೆ ಮನಾಕ್ಕೆ ಇಳಿಯುವ 5/5. ಕೊನೆಗೆ 2018ರ ಫೆಬ್ರವರಿಯಲ್ಲಿ ಅದರ ಹೊಡೆತವನ್ನು 5ರಿಂದ 2ಕ್ಕೆ ಇಳಿಸಬೇಕಾಯಿತು. ಮೊದಲ ದಿನ 100 ಡಸ್ಟಿಗೆ ಒಡೆದವರು ಮತ್ತೆ 400 ಕೊಟ್ಟು ಮಾಡಬೇಕಾಗಿ ಬಂತು.

ಹೊಸ ಕಾರ್ಡು ಮಾಡಲು ಅವಸರ ಬೇಡ ಎನ್ನುವುದಕ್ಕೂ ಕಾರಣ ಇದೆ. 2020ರ ಏಪ್ರಿಲಿನಲ್ಲಿ ಡೀಮನ್ ಹಂಟರ್ ಎಂಬ ಹೊಸ ಕ್ಲಾಸೇ ಬಂತು. ಎಷ್ಟು ಜೋರು ಇತ್ತೆಂದರೆ, ಹೆಚ್ಚು ಕಡಿಮೆ ಒಂದು ದಿನದೊಳಗೆ ಅದರ ಹಲವು ಕಾರ್ಡುಗಳನ್ನು ದುರ್ಬಲ ಮಾಡಿದರು. 2019ರ ಡಿಸೆಂಬರಿನ ಸೆಟ್ಟಿನಲ್ಲೂ ಹತ್ತು ದಿನದೊಳಗೆ ಬದಲಾವಣೆ ಬಂತು.

ಹೀಗೆ ದುರ್ಬಲ ಮಾಡಿದ ಕಾರ್ಡನ್ನು ಸಾಮಾನ್ಯವಾಗಿ ಎರಡು ವಾರ ತನಕ ಪೂರ್ತಿ ಬೆಲೆಗೆ ಒಡೆಯಬಹುದು. ಲೆಜೆಂಡರಿಗೆ 1600, ಎಪಿಕ್ಕಿಗೆ 400. ಇದನ್ನು ಕೇಳಿ 'ಹಾಗಾದರೆ ನಷ್ಟ ಇಲ್ಲವಲ್ಲ' ಎನ್ನುವವರು ಇದ್ದಾರೆ. ಇಲ್ಲೇ ಎಡವುವುದು. ಪೂರ್ತಿ ಬೆಲೆ ಸಿಗುವುದು ಬದಲಾಯಿಸಿದ ಆ ಕಾರ್ಡಿಗೆ ಮಾತ್ರ. ಆ ಡೆಕ್ಕಿಗಾಗಿಯೇ ನೀವು ಇನ್ನೆರಡು ಲೆಜೆಂಡರಿ ಮಾಡಿದ್ದರೆ ಅವುಗಳ ಡಸ್ಟ್ ಹೋಯಿತು, ಡೆಕ್ಕೂ ಹೋಯಿತು. ನನಗೆ ಒಮ್ಮೆ ಹೀಗಾಗಿ ನಾಲ್ಕು ತಿಂಗಳು ಕೈ ಕಟ್ಟಿ ಕೂತಿದ್ದೇನೆ. ಆವತ್ತಿನಿಂದ ನಮ್ಮ ನಾಲ್ವರಲ್ಲಿ ಯಾರಿಗಾದರೂ ಎರಡು ವಾರದೊಳಗೆ ಲೆಜೆಂಡರಿ ಮಾಡಬೇಕೆನಿಸಿದರೆ ಉಳಿದ ಮೂವರ ಎದುರು ವಾದ ಗೆಲ್ಲಬೇಕು.

ಹೆಜ್ಜೆ 8: ಇರುವ ಕಾರ್ಡುಗಳಲ್ಲೇ ಡೆಕ್ ಕಟ್ಟಿ

ಎರಡು ವಾರ ಸುಮ್ನೆ ಕೂರಬೇಕೆಂದಲ್ಲ. ಪ್ಯಾಕಿನಲ್ಲಿ ಬಂದ ಕಾಮನ್, ರೇರ್ ಕಾರ್ಡುಗಳಿಂದ ಡೆಕ್ ಕಟ್ಟಿ ಆಡಿ. ನಿಜ ಹೇಳಬೇಕೆಂದರೆ ಆಟದ ಅತಿ ಚಂದದ ದಿನಗಳು ಇವೇ. ಯಾರಿಗೂ ಏನೂ ಪೂರ್ತಿ ಗೊತ್ತಿರುವುದಿಲ್ಲ, ಎದುರಿನವರು ಎಂತ ಹಾಕುತ್ತಾರೆಂದು ಊಹಿಸಲು ಆಗುವುದಿಲ್ಲ.

ಮೊದಲು ಡೆಕ್ ಗೆಲ್ಲುವುದು ಹೇಗೆ ಎಂದು ಒಂದು ವಾಕ್ಯ ಬರೆಯಿರಿ. 'ಐದನೇ ಸರದಿಯೊಳಗೆ ಬೋರ್ಡು ತುಂಬಿಸಿ, ಏಳರೊಳಗೆ ಮುಗಿಸುವುದು.' ಆ ವಾಕ್ಯಕ್ಕೆ ಸಹಾಯ ಮಾಡದ ಕಾರ್ಡು ಎಷ್ಟೇ ದೊಡ್ಡದಾದರೂ ಹೊರಗೆ. ಅವಸರದ ಡೆಕ್ ಆದರೆ 1 ಮತ್ತು 2 ಮನಾದ ಕಾರ್ಡು ಹನ್ನೆರಡಾದರೂ ಇರಲಿ.

ಒಂದು ಕಾರ್ಡು ಎರಡು ಹಾಕುವುದಕ್ಕೂ ಒಂದು ಹಾಕುವುದಕ್ಕೂ ಎಷ್ಟು ಅಂತರ ಇದೆ ಎಂದು ಲೆಕ್ಕ ಹಾಕಿ ನೋಡಿದ್ದೇವೆ. ನೀವು ಮೊದಲು ಆಡುವವರು, ಮೂರು ಕಾರ್ಡು ಬರುತ್ತದೆ, ಒಂದು ಕಾರ್ಡಿಗಾಗಿಯೇ ಉಳಿದದ್ದನ್ನೆಲ್ಲ ಬದಲಾಯಿಸುತ್ತೀರಿ ಎಂದಿಟ್ಟುಕೊಳ್ಳಿ. ಡೆಕ್ಕಿನಲ್ಲಿ ಆ ಕಾರ್ಡು ಎರಡಿದ್ದರೆ ಮೊದಲ ಸರದಿಗೆ ಕೈಯಲ್ಲಿ ಇರುವ ಸಾಧ್ಯತೆ ನೂರಕ್ಕೆ 41. ಒಂದೇ ಇದ್ದರೆ 23. ಹಾಗಾಗಿ ಶುರುವಿನಲ್ಲೇ ಬೇಕಾದದ್ದು ಎರಡು ಇರಲಿ. ಕೊನೆಗೆ ಬೇಕಾದದ್ದು ಒಂದು ಸಾಕು.

ಕಟ್ಟಿದ ಡೆಕ್ಕನ್ನು ಕನಿಷ್ಠ 20 ಆಟ ಆಡಿ. ಅದೂ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಸರಿಯಾಗಿ ಅರ್ಧಕ್ಕರ್ಧ ಗೆಲ್ಲುವ ಡೆಕ್ಕೂ 20ರಲ್ಲಿ 13 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ನೂರಕ್ಕೆ 13 ಇದೆ. ಐದು ಆಟದಲ್ಲಿ ನಾಲ್ಕು ಗೆದ್ದು 'ಇದೇ ಡೆಕ್' ಎಂದು 1600 ಡಸ್ಟ್ ಹಾಕುವುದು ಎಷ್ಟು ಅಪಾಯ ನೋಡಿ. ಬದಲಾಯಿಸುವಾಗ ಒಮ್ಮೆಗೆ ಎರಡೇ ಕಾರ್ಡು. ಆರು ಕಾರ್ಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಯಾರಿಗೂ ಹೇಳಲಾಗದು. ಡೆಕ್ ಕೋಡ್ (ಇಡೀ ಡೆಕ್ಕನ್ನು ಹೇಳುವ ಅಕ್ಷರಗಳ ಸಾಲು) ಕಾಪಿ ಮಾಡಿ ಗೆಳೆಯರಿಗೆ ಕಳಿಸಿ, ಅವರ ಜೊತೆ ಆಡಿ. ಸೋತ ಆಟದಲ್ಲಿ ಕೊನೆವರೆಗೂ ಕೈಯಲ್ಲೇ ಉಳಿದ ಕಾರ್ಡು ಯಾವುದು ಎಂದು ಬರೆದಿಡಿ. ಒಂದೇ ಹೆಸರು ನಾಲ್ಕು ಸಲ ಬಂದರೆ ಅದನ್ನು ತೆಗೆಯುವ ಸಮಯ ಬಂತು.

ಹೆಜ್ಜೆ 9: ನೋಟ್‌ಬುಕ್ ತೆರೆಯಿರಿ

ಎರಡು ವಾರ ಆದ ಮೇಲೆ, ಮೊದಲ ಬದಲಾವಣೆ ಬಂದು ಗಾಳಿ ಒಂದು ದಿಕ್ಕಿಗೆ ನಿಂತ ಮೇಲೆ, ನಾಲ್ವರೂ ಮತ್ತೆ ಕೂರುತ್ತೇವೆ. ತಂಗಿ ಅಂಕಗಳನ್ನು ಓದುತ್ತಾಳೆ. ಯಾರ ಊಹೆ ತಪ್ಪಿತು ಎಂದು ಎಣಿಸುವುದಿಲ್ಲ, ಬರೆದ ಕಾರಣ ಎಲ್ಲಿ ತಪ್ಪಿತು ಎಂದು ನೋಡುತ್ತೇವೆ. ನನ್ನ ತಪ್ಪು ಹೆಚ್ಚಾಗಿ ಒಂದೇ ಜಾತಿಯದು. ನಿಧಾನದ, ದೊಡ್ಡ ಕಾರ್ಡಿಗೆ ಅಂಕ ಜಾಸ್ತಿ ಕೊಟ್ಟಿರುತ್ತೇನೆ. ಇದು ಗೊತ್ತಾದ ಮೇಲೆ 7 ಮನಾಕ್ಕಿಂತ ಮೇಲಿನ ಕಾರ್ಡಿಗೆ ನಾನು ಕೊಡಬೇಕೆಂದುಕೊಂಡ ಅಂಕದಲ್ಲಿ ಒಂದು ಕಡಿಮೆ ಮಾಡಿಯೇ ಬರೆಯುತ್ತೇನೆ.

ಡಸ್ಟ್ ಖರ್ಚು ಮಾಡುವುದು ಆ ರಾತ್ರಿ. ಹಲವು ಡೆಕ್ಕಿಗೆ ಸೇರುವ ಕಾರ್ಡು ಮೊದಲು, ಒಂದೇ ಡೆಕ್ಕಿಗೆ ಬೇಕಾದದ್ದು ಆಮೇಲೆ. ಎಲ್ಲವನ್ನೂ ಖಾಲಿ ಮಾಡಬೇಡಿ, 400 ಆದರೂ ಉಳಿಯಲಿ.

ಚಿನ್ನವನ್ನಂತೂ ಮತ್ತೆ ಕೂಡಿಸಲು ಶುರು ಮಾಡಿ, ಯಾಕೆಂದರೆ ಎರಡು ದೊಡ್ಡ ಸೆಟ್ಟಿನ ನಡುವೆ ಒಂದು ಮಿನಿ ಸೆಟ್ ಬರುತ್ತದೆ. 2021ರ ಜನವರಿಯಲ್ಲಿ ಮೊದಲ ಸಲ ಬಂದಾಗ 2000 ಚಿನ್ನಕ್ಕೆ 35 ಬಗೆಯ ಕಾರ್ಡು, ಒಟ್ಟು 66, ಅದರಲ್ಲಿ ನಾಲ್ಕು ಲೆಜೆಂಡರಿ. ಅದೇ ಚಿನ್ನಕ್ಕೆ 20 ಪ್ಯಾಕ್ ಒಡೆದರೆ ಸರಾಸರಿ ಒಂದು ಲೆಜೆಂಡರಿ. ಇಲ್ಲಿ ಅದೃಷ್ಟದ ಮಾತೇ ಇಲ್ಲ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಬರುವಾಗಿನ ಬೆಲೆಯನ್ನು ಆಟದ ಅಂಗಡಿಯಲ್ಲಿ ನೋಡಿಕೊಂಡು ಅಷ್ಟನ್ನು ಬೇರೆಯೇ ಎಣಿಸಿಡಿ. ನಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ವರ ಚಿನ್ನದ ಲೆಕ್ಕ ಇದೆ. ಸದ್ಯಕ್ಕೆ ಹುಡುಗನದ್ದೇ ಎಲ್ಲರಿಗಿಂತ ಜಾಸ್ತಿ.